ಸೂರಿಲ್ಲದ ಹೆರಾಲ್ಡಿಗೆ ಎರಡು ಮಳೆಗಾಲ

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ಆ ಕಾರು ಇಪ್ಪತ್ತೆರಡು ವರ್ಷ ನಿಂತಿತ್ತು. ಒಂದು ಪಕ್ಕದಲ್ಲಿ ಹಸುಗಳು, ಇನ್ನೊಂದು ಪಕ್ಕದಲ್ಲಿ ಮಳೆಗಾಲಕ್ಕೆ ಒಟ್ಟಿದ ಸೌದೆ, ಹಿಂದಿನ ಸೀಟಿನ ಮೇಲೆ ಅಡಿಕೆ ಹಾಳೆಯ ಕಟ್ಟು. ಯಜಮಾನರು ಹಾಳೆಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟರು. ಅಡಿಯಲ್ಲಿ ಕೆಂಪು ರೆಕ್ಸಿನ್ ಸೀಟು, ಅದರ ನಡುವೆ ಇಲಿಯ ಗೂಡು. “ಓಡ್ಸೋದಾದ್ರೆ ತಗೊಂಡ್ಹೋಗಪ್ಪ. ಗುಜರಿಗೆ ಹಾಕೋದಾದ್ರೆ ಇಲ್ಲೇ ಇರ್ಲಿ, ನಂಗೇನೂ ಭಾರ ಆಗಿಲ್ಲ,” ಅಂದರು. ಓಡಿಸುತ್ತೇನೆ ಎಂದೆ. ಒಂದು ಲಕ್ಷ ಹತ್ತು ಸಾವಿರಕ್ಕೆ ಮಾತಾಯಿತು.

1965ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಅವರ ತಂದೆಯ ಕಾಲದಲ್ಲೇ ಮೇಲಿನ ಮಾಡು ತೆಗೆಸಿ, ಮಡಚುವ ಹುಡ್ ಹಾಕಿಸಿ, ಆರ್‌ಸಿಯಲ್ಲೂ ಹಾಗೆಂದೇ ಬರೆಸಿದ್ದರು. ಹೆರಾಲ್ಡ್‌ನಲ್ಲಿ ಇದು ಗರಗಸದ ಕೆಲಸವಲ್ಲ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಈ ಕಾರಿನಲ್ಲಿ ಮಾಡು, ಬಾನೆಟ್, ಮಡ್‌ಗಾರ್ಡ್ ಎಲ್ಲ ಬೋಲ್ಟ್ ಬಿಚ್ಚಿದರೆ ಬೇರೆ ಬೇರೆಯಾಗುತ್ತವೆ. ಕೆಳಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿಸ್, ಅಂದರೆ ಇಡೀ ಕಾರನ್ನು ಹೊರುವ ಕಬ್ಬಿಣದ ಚೌಕಟ್ಟು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇಲ್ಲಿ ತಯಾರಿಸಿತು. ಇದೇ ಚಾಸಿಸನ್ನು ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದೇ 1962ರ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು. ನನ್ನ ಇಡೀ ಕೆಲಸ ನಿಂತಿದ್ದು ಈ ನೆಂಟಸ್ತಿಕೆಯ ಮೇಲೆ. ಹೆರಾಲ್ಡ್‌ಗೆ ಸಿಗದ ಸಾಮಾನು ಸ್ಪಿಟ್‌ಫೈರ್ ಹೆಸರಲ್ಲಿ ಇಂಗ್ಲೆಂಡಿನಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತದೆ.

ಶಿವಮೊಗ್ಗಕ್ಕೆ ತಂದು ಬಾನೆಟ್ ಎತ್ತಿದ ದಿನ ಅಕ್ಕನ ಮಗ ಕುಣಿದಾಡಿದ. ಬಾನೆಟ್ಟು, ಎರಡೂ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಒಟ್ಟಿಗೇ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂದಿನ ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. 948 ಸಿಸಿಯ ಪುಟ್ಟ ಇಂಜಿನ್ನು, ಹೊಸದರಲ್ಲಿ ಸುಮಾರು 35 ಹಾರ್ಸ್‌ಪವರ್. “ಮಾವ, ಇದಕ್ಕೆ ದೊಡ್ಡ ಇಂಜಿನ್ ಹಾಕಣ,” ಎಂದು ಹುಡುಗ ಆವತ್ತೇ ಶುರು ಮಾಡಿದ. ಅದೇ ಸಲಹೆಯನ್ನು ಮುಂದಿನ ಎರಡು ವರ್ಷ ಕನಿಷ್ಠ ಇಪ್ಪತ್ತು ಜನ ಕೊಟ್ಟರು. ಮಾರುತಿ ಇಂಜಿನ್, ಫೈವ್ ಸ್ಪೀಡ್ ಗೇರ್‌ಬಾಕ್ಸ್, ಅಗಲದ ಅಲಾಯ್ ವೀಲ್. ನಾನು ಒಪ್ಪಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ತಿರುವು. ನಾನು ಓಡಾಡುವುದು ಈ ನೀರಿನಲ್ಲಿ, ಈ ಇಳಿಜಾರಿನಲ್ಲಿ. ಇಲ್ಲಿ ಒಂದು ತೆರೆದ ಕಾರಿಗೆ ಬೇಕಾದದ್ದು ನಿಲ್ಲುವ ಶಕ್ತಿ ಮತ್ತು ಒಣಗುವ ಶಕ್ತಿ. ದುಡ್ಡೆಲ್ಲ ಆ ಎರಡಕ್ಕೇ ಎಂದು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟೆ.

ಚಾಸಿಸ್‌ನಿಂದ ಶುರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಜೀಪ್ ಚಾಸಿಸ್ ಕೆಲಸದಲ್ಲೇ ಕೈ ಪಳಗಿದ ಟಿಂಕರ್ ಒಬ್ಬರಿದ್ದಾರೆ, ಎಲ್ಲರೂ ಭಾಯ್ ಎನ್ನುತ್ತಾರೆ. ಅವರು ಸುತ್ತಿಗೆಯ ಹಿಡಿಯಿಂದ ಚಾಸಿಸ್ ಉದ್ದಕ್ಕೂ ತಟ್ಟುತ್ತಾ ಬಂದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತಿತ್ತು, ಕೊಳೆತಲ್ಲಿ ಒಡಕು ಮಡಕೆಯ ಹಾಗೆ ಸದ್ದೇ ಬರಲಿಲ್ಲ. ಬಲಗಡೆ ಬಹುಪಾಲು ಗಟ್ಟಿ. ಎಡಗಡೆ ಬಾಡಿ ಕೂರುವ ಅಡ್ಡಗೈಗಳೆಲ್ಲ ಹೋಗಿದ್ದವು. “ಈ ಕಡೆ ಹಸು ಇತ್ತಾ ಸಾರ್?” ಎಂದು ಭಾಯ್ ಕೇಳಿದರು. ಇತ್ತು. ಗಂಜಲದ ಹಬೆ ಇಪ್ಪತ್ತೆರಡು ವರ್ಷ ಕಬ್ಬಿಣ ತಿಂದಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಮೇಲೆ ಮಾಡು ಇಲ್ಲದ ಕಾರಿನಲ್ಲಿ ಕೊಳೆತದ್ದನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸಬಾರದು. ಕತ್ತರಿಸಿದರೆ ಬಾಡಿ ನಡುವೆ ಜಗ್ಗುತ್ತದೆ, ಹಾಗೆ ಜಗ್ಗಿದ್ದಾಗಲೇ ವೆಲ್ಡ್ ಮಾಡಿದರೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಭಾಯ್ ಮೊದಲು ಬಾಗಿಲಿನ ಸಂದಿಗೆ ಅಡ್ಡಲಾಗಿ ಆ್ಯಂಗಲ್ ಪಟ್ಟಿ ಬಡಿದು ಬಿಗಿ ಮಾಡಿದರು. ಆಮೇಲೆ ಒಂದು ಅಡ್ಡಗೈ ಕತ್ತರಿಸು, ಹೊಸದು ಕೂರಿಸು, ಬಾಗಿಲು ಹಾಕಿ ತೆಗೆದು ನೋಡು, ಮುಂದಿನದಕ್ಕೆ ಹೋಗು. ಹದಿನೇಳು ದಿನ ಹಿಡಿಯಿತು. ಕೊನೆಗೆ ಚಾಸಿಸಿನ ಕೊಳವೆಗಳ ಒಳಕ್ಕೆ ಉದ್ದ ನಳಿಕೆ ತೂರಿಸಿ ಮೇಣದಂಥ ಆಂಟಿ ರಸ್ಟ್ ಹೊಡೆಸಿದೆ, ಅಡಿಯಲ್ಲಿ ನೀರು ನಿಲ್ಲುವ ಕಡೆಯೆಲ್ಲ ತೂತು ಕೊರೆಸಿದೆ. ಹಿಂದೆ ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಗೆ ಸುಟ್ಟ ಇಂಜಿನ್ ಆಯಿಲ್ ಹೊಡೆಯುತ್ತಿದ್ದರಲ್ಲ, ಅದರ ಹಿಂದಿದ್ದ ತಿಳಿವಳಿಕೆ ಇದೇ. ಕಬ್ಬಿಣಕ್ಕೆ ನೀರು ತಾಗಿದರೂ ಪರವಾಗಿಲ್ಲ, ನೀರು ಅಲ್ಲೇ ಕೂರಬಾರದು.

ಇಂಜಿನ್ ವಿಷಯ ಹೆಚ್ಚಿಲ್ಲ. ಪಿಸ್ಟನ್ ಅಂಟಿಕೊಂಡಿತ್ತು, ವಾರಗಟ್ಟಲೆ ಎಣ್ಣೆ ಕುಡಿಸಿ ಬಿಡಿಸಿದೆವು. ಬೋರ್ ಮಾಡಿಸಿ, ಹೊಸ ರಿಂಗ್, ಹೊಸ ಬೇರಿಂಗ್. ಆ ಕಾಲದ ಟ್ರಯಂಫ್ ಇಂಜಿನ್ನುಗಳಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಹಿಂದೆ ಮುಂದೆ ಜರುಗದಂತೆ ಹಿಡಿಯುವ ಅರ್ಧಚಂದ್ರದಂಥ ಎರಡು ತೆಳು ವಾಷರ್ ಇರುತ್ತವೆ. ಅವು ಸವೆದರೆ ಜಾರಿ ಇಂಜಿನ್ನಿನ ಅಡಿಯ ಆಯಿಲ್ ಸಂಪ್‌ಗೆ ಬಿದ್ದು ಬ್ಲಾಕೇ ಹಾಳಾಗುತ್ತದೆ. ಜರುಗಾಟ ನಾಲ್ಕರಿಂದ ಎಂಟು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಇರಬೇಕು, ನಮ್ಮದರಲ್ಲಿ ಹದಿನಾರು ಇತ್ತು. ಹೆರಾಲ್ಡ್ ಕೊಳ್ಳುವವರು ಬಣ್ಣ ನೋಡುವ ಮೊದಲು ಒಬ್ಬರನ್ನು ಕೂರಿಸಿ ಕ್ಲಚ್ ತುಳಿಸಿ, ಮುಂದಿನ ಪುಲ್ಲಿ ಕಣ್ಣಿಗೆ ಕಾಣುವಷ್ಟು ಅಲುಗುತ್ತದಾ ನೋಡಬೇಕು.

ಮೊದಲ ಮಳೆಗಾಲ ಬಾಗಿಲಿಗೆ ಬಂದಿತ್ತು. ಬಣ್ಣ ಆಗಿರಲಿಲ್ಲ, ಹುಡ್ ಇರಲಿಲ್ಲ, ಆದರೂ ಚಕ್ರ ಉರುಳುತ್ತಿತ್ತು. ಮೇ ಕೊನೆಯ ಒಂದು ಭಾನುವಾರ ಹುಡುಗನನ್ನು ಕೂರಿಸಿಕೊಂಡು ಗಾಜನೂರಿನವರೆಗೆ ಹೊರಟೆ. ಹೋಗುವಾಗ ಏನೂ ಆಗಲಿಲ್ಲ. ವಾಪಸ್ಸಿಗೆಂದು ಒಂದು ಚಹಾದಂಗಡಿಯ ಮುಂದೆ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದು ತಿರುಗಿಸುತ್ತಿದ್ದೆ, ನಡೆಯುವವನಷ್ಟೇ ವೇಗ. ಎಡಗಡೆ ಮುಂದೆ ಟಪ್ ಎಂದು ಒಂದು ಸದ್ದು. ಕಾರು ಆ ಮೂಲೆಗೆ ಕುಸಿದು, ಮಡ್‌ಗಾರ್ಡು ಟೈರಿನ ಮೇಲೆ ಕೂತಿತು. “ಮಾವ, ಚಕ್ರ ಮಲಗ್ಬಿಡ್ತು!” ಎಂದು ಹುಡುಗ ಕೂಗಿದ. ಇಳಿದು ನೋಡಿದರೆ ಚಕ್ರ ನಿಜಕ್ಕೂ ಹೊರಮುಖವಾಗಿ ಮಲಗಿತ್ತು. ಅಂಗಡಿಯವರು ಓಡಿ ಬಂದು ಹುಡುಗನನ್ನು ಇಳಿಸಿ, ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ನನ್ನ ಕೈ ನಡುಗುತ್ತಿತ್ತು.

ಮುರಿದಿದ್ದು ನಮ್ಮ ಮೆಕ್ಯಾನಿಕ್‌ಗಳು ಕಿಂಗ್‌ಪಿನ್ ಎಂದು ಕರೆಯುವ ನೆಟ್ಟನೆಯ ಕಬ್ಬಿಣ, ಮುಂಚಕ್ರವನ್ನು ಹೊರುವಂಥದ್ದು. ಅದರ ತುದಿಯಲ್ಲಿ ಮರೆ, ಅಂದರೆ ಸ್ಕ್ರೂವಿನಂಥ ತಿರುಪು ಗೆರೆ ಇದೆ. ಆ ಮರೆ ಕೆಳಗಿನ ಟ್ರನಿಯನ್ ಎಂಬ ಹಿತ್ತಾಳೆಯ ತುಂಡಿನೊಳಗೆ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಬೋಲ್ಟು ನಟ್ಟಿನೊಳಗೆ ತಿರುಗುವ ಹಾಗೆ ಅದು ತಿರುಗುತ್ತದೆ. ಅಲ್ಲಿಗೆ ಹಾಕಬೇಕಾದ್ದು ಗೇರ್ ಆಯಿಲ್, 90 ನಂಬರಿನದು. ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಮರೆಯ ಮೇಲ್ಭಾಗಕ್ಕೆ ಏರುವುದೇ ಇಲ್ಲ, ಸಂದಿನಲ್ಲಿ ನೀರು ಸೇರಿ ಕಬ್ಬಿಣ ಒಳಗೊಳಗೇ ಕೊರೆದುಹೋಗುತ್ತದೆ. ಆ ರಾತ್ರಿ ಮುರಿದ ತುಂಡನ್ನು ಬಲ್ಬಿನ ಕೆಳಗಿಟ್ಟುಕೊಂಡು ನೋಡಿದೆ. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಮುಖ. ಮುಕ್ಕಾಲು ಪಾಲು ಬೆಲ್ಲದ ಬಣ್ಣ, ಅಂದರೆ ವರ್ಷಗಳ ಹಿಂದೆಯೇ ಬಿರುಕು ಬಿಟ್ಟು ತುಕ್ಕು ಹಿಡಿದ ಜಾಗ. ಉಳಿದ ಕಾಲು ಪಾಲು ಮಾತ್ರ ಆಗ ತಾನೇ ಮುರಿದ ಬೆಳ್ಳನೆಯ ಹೊಳಪು. ಗಾಜನೂರಿನ ತನಕ ನಮ್ಮಿಬ್ಬರನ್ನೂ ಹೊತ್ತದ್ದು ಆ ಕಾಲು ಪಾಲು.

ಮುಂಭಾಗದ ಕೆಲಸವನ್ನು ನಾನು ಬೇರೊಂದು ಗ್ಯಾರೇಜಿಗೆ ಕೊಟ್ಟಿದ್ದೆ. ಬಿಚ್ಚಿ ನೋಡಿ ಎಂದಿದ್ದೆ; ಅವರು ಬಿಚ್ಚದೆ ಹೊರಗಿನಿಂದ ಗ್ರೀಸ್ ತುಂಬಿ “ಆಯ್ತು ಸಾರ್, ಫ್ರೀ ಆಗಿದೆ” ಎಂದು ದುಡ್ಡು ಎಣಿಸಿಕೊಂಡಿದ್ದರು. ಬಿರುಕು ಅವರದಲ್ಲ, ಹಳೆಯದು. ಆದರೆ ಬಿಚ್ಚಿದ್ದರೆ ಕಾಣುತ್ತಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಚಕ್ರ ಕಳಚಿದ್ದು ಆಗುಂಬೆ ಘಾಟಿಯಲ್ಲಾಗಿದ್ದರೆ ಆ ಹುಡುಗನ ತಾಯಿಗೆ ನಾನು ಏನು ಹೇಳಲಿಕ್ಕಿತ್ತು? ಅಂದಿನಿಂದ ಮುಂಭಾಗದ ಒಂದೊಂದು ನಟ್ಟನ್ನೂ ನನ್ನ ಕೈಯಿಂದಲೇ ಬಿಚ್ಚಿ ಕಟ್ಟಿದ್ದೇನೆ. ಗ್ರೀಸ್ ಗನ್ ಒಂದನ್ನು ತೊಳೆದು ಅದರಲ್ಲಿ 90 ಆಯಿಲ್ ಮಾತ್ರ ತುಂಬಿ, ಮೇಲೆ ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದೇನೆ.

ಇಂಗ್ಲೆಂಡಿನಿಂದ ಹೊಸ ಕಿಂಗ್‌ಪಿನ್ನು, ಟ್ರನಿಯನ್ನು ತರಿಸುವುದಿತ್ತಲ್ಲ, ಬ್ರೇಕನ್ನೂ ಆಗಲೇ ಮುಗಿಸಿಬಿಡೋಣ ಎನಿಸಿತು. ನನ್ನ ಕಾರಿನಲ್ಲಿ ನಾಲ್ಕೂ ಕಡೆ ಡ್ರಮ್ಮು, ಒಂದೇ ಬ್ರೇಕ್ ಲೈನು. ಒಂದು ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಅಲ್ಲಿ ಹೆರಾಲ್ಡ್‌ಗೂ ಬೇಕೆಂದವರಿಗೆ ಮುಂದಿನ ಡಿಸ್ಕ್ ಬ್ರೇಕ್ ಹಾಕಿಕೊಡುತ್ತಿದ್ದರು, ಹಾಗಾಗಿ ಇದು ಕಾರಿನ ಗುಣ ಕೆಡಿಸುವ ಬದಲಾವಣೆಯಲ್ಲ. ಮುಂದೆ ಸ್ಪಿಟ್‌ಫೈರ್ ಡಿಸ್ಕು, ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಲೈನಿರುವ ಮಾಸ್ಟರ್ ಸಿಲಿಂಡರು, ತುಕ್ಕು ಹಿಡಿಯದ ತಾಮ್ರ-ನಿಕ್ಕಲ್ ಪೈಪು. ಕಸ್ಟಮ್ಸ್ ಸೇರಿ ತೊಂಬತ್ತು ಸಾವಿರ ಮುಟ್ಟಿತು. ಈ ಕಾರಿಗೆ ಹಾಕಿದ ದುಡ್ಡಿನಲ್ಲಿ ಒಂದು ರೂಪಾಯಿಯನ್ನೂ ಮರುಯೋಚಿಸದೆ ಕೊಟ್ಟದ್ದು ಇದಕ್ಕೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ; ನಮ್ಮ ಹವೆಯಲ್ಲಿ ಅದನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ದೀಪಾವಳಿಗೆ, ಮಳೆ ನಿಂತ ಮೇಲೆ.

ಹಿಂದಿನ ಆಕ್ಸಲ್ಲಿನದು ಬೇರೆಯದೇ ಕಥೆ. ಹೆರಾಲ್ಡ್‌ನ ಹಿಂಚಕ್ರಗಳು ಹಕ್ಕಿಯ ರೆಕ್ಕೆಯ ಹಾಗೆ ಒಂದೊಂದೂ ಪ್ರತ್ಯೇಕವಾಗಿ ಮೇಲೆ ಕೆಳಗೆ ಬಡಿಯುತ್ತವೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಹೆದರಿ ಆ್ಯಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು, ಚಕ್ರ ಒಳಕ್ಕೆ ಮಡಚಿಕೊಂಡು, ಕಾರಿನ ಬಾಲ ಹೊರಕ್ಕೆ ಹೊಡೆಯುತ್ತದೆ. ಎಲ್ಲರೂ ಆಗುಂಬೆ ಘಾಟಿಗೆ ಹೆದರಿಸುತ್ತಾರೆ, ಆದರೆ ಅಲ್ಲಿ ಇಪ್ಪತ್ತರ ವೇಗದಲ್ಲಿ ಇದು ಆಗುವುದಿಲ್ಲ. ಅಪಾಯ ಇರುವುದು ಸಕ್ರೆಬೈಲು ದಾಟಿ ಮಂಡಗದ್ದೆ ಕಡೆಗೆ ತುಂಗೆಯ ಪಕ್ಕದಲ್ಲೇ ಸಾಗುವ ಅಗಲದ ತಿರುವುಗಳಲ್ಲಿ, ಅರವತ್ತರ ವೇಗದಲ್ಲಿ, ಮೊದಲ ಮಳೆಗೆ ರಸ್ತೆ ಜಾರುವಾಗ. 1972ರಲ್ಲಿ ಇದೇ ಕಂಪನಿ ತಂದ ಗೆಜೆಲ್‌ನಲ್ಲಿ ಈ ವ್ಯವಸ್ಥೆ ಬಿಟ್ಟು ಗಟ್ಟಿ ಆಕ್ಸಲ್ ಹಾಕಿದ್ದರು. ಅದನ್ನೇ ಹುಡುಕಿ ಹಾಕಿ ಎಂದವರಿದ್ದಾರೆ. ಅದಕ್ಕೆ ಚಾಸಿಸ್ ಕತ್ತರಿಸಬೇಕು. ಮತ್ತೆ ಮೊದಲಿನಂತೆ ಮಾಡಲಾಗದ ಕೆಲಸ ಬೇಡ ಎಂದೆ. ಲಾರಿ ಬ್ಲೇಡ್ ಪಟ್ಟಿ ಕಟ್ಟುವವರ ಹತ್ತಿರ ಹಿಂದಿನ ಸ್ಪ್ರಿಂಗ್ ಪಟ್ಟಿಯ ಕಮಾನನ್ನು ಒಂದಿಂಚಿನಷ್ಟು ಇಳಿಸಿದೆ. ಈಗ ಚಕ್ರಗಳ ನೆತ್ತಿ ಚೂರು ಒಳಕ್ಕೆ ವಾಲಿದೆ, ಮಡಚಿಕೊಳ್ಳುವುದಕ್ಕೆ ಮೊದಲಿನಷ್ಟು ಸದರವಿಲ್ಲ. ಜೊತೆಗೆ 145/80ರ ಹದಿಮೂರು ಇಂಚಿನ ರೇಡಿಯಲ್ ಟೈರು. ಉಬ್ಬುಗಳಲ್ಲಿ ಸೈಲೆನ್ಸರ್ ತಾಗುತ್ತದೆ, ನಿಧಾನಕ್ಕೆ ದಾಟಿಸುತ್ತೇನೆ.

ಕರೆಂಟಿನ ಕೆಲಸ ಮಳೆಗಾಲ ಪೂರ್ತಿ ಮನೆಯ ಶೆಡ್ಡಿನಲ್ಲೇ ಮಾಡಿದೆ. ನಮ್ಮ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿತ್ತು. ಅದನ್ನು ನೆಗೆಟಿವ್‌ಗೆ ತಿರುಗಿಸಿ, ಡೈನಮೋ ತೆಗೆದು ಮಾರುತಿ 800ರ ಆಲ್ಟರ್ನೇಟರ್ ಕೂರಿಸಿದೆ. ಹೆಡ್‌ಲೈಟಿಗೆ ರಿಲೇ, ವೈಪರಿಗೆ ಎರಡು ಸ್ಪೀಡಿನ ಮೋಟಾರು. ಹಳೆಯ ವೈಪರು ಪುನರ್ವಸು ಮಳೆಯಲ್ಲಿ ಗಾಜಿನ ಮೇಲೆ ಸುಮ್ಮನೆ ಕೈಯಾಡಿಸಿದಂತಿತ್ತು. ಆದರೆ ಇಂಜಿನ್ನಿಗೆ ಕಿಡಿ ಕೊಡಿಸುವ ಇಗ್ನಿಷನ್ ಪಾಯಿಂಟನ್ನು ಎಲೆಕ್ಟ್ರಾನಿಕ್ ಮಾಡಲಿಲ್ಲ. ಪಾಯಿಂಟು ಕೈಕೊಟ್ಟರೆ ಮೇಗರವಳ್ಳಿಯ ಕಾಡಿನಲ್ಲಾದರೂ ಎಮರಿ ಕಾಗದದಲ್ಲಿ ಉಜ್ಜಿ ಮನೆಗೆ ಬರಬಹುದು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಲ್ಲ ಎಥನಾಲ್ ತಡೆಯುವ ರಬ್ಬರಿನವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್, ಅದು ನೀರನ್ನೂ ಹೀರುತ್ತದೆ, ಹಳೆ ರಬ್ಬರನ್ನೂ ಮೆತ್ತಗಾಗಿಸುತ್ತದೆ. ನಿಲ್ಲಿಸಿಡುವ ದಿನಗಳಲ್ಲಿ ಟ್ಯಾಂಕ್ ತುಂಬಿಸಿಯೇ ಇಡುತ್ತೇನೆ.

ಬಣ್ಣಕ್ಕೆ ಪೇಂಟರ್ ಅಣ್ಣ ಮಳೆ ಬಿಡುವವರೆಗೂ ಗನ್ ಮುಟ್ಟಲಿಲ್ಲ. “ಗಾಳೀಲೇ ನೀರೈತೆ ಸಾರ್, ಹೊಡೆದ್ರೆ ಬಣ್ಣ ಮಂಜು ಕಟ್ತದೆ.” ಡ್ಯಾಷ್‌ಬೋರ್ಡಿನ ಹಿಂದೆ ಯಾರೂ ಮುಟ್ಟದ ಒಂದು ಗೇಣು ಜಾಗದಲ್ಲಿ ಕಾರಿನ ಮೊದಲ ಬಣ್ಣ ಸಿಕ್ಕಿತು, ತಿಳಿ ನೀಲಿ. ಅದನ್ನೇ ಹೊಂದಿಸಿದೆವು.

ಇನ್ನು ಹುಡ್. ಮೊದಲ ಹುಡ್ಡನ್ನು ದಪ್ಪ ಹತ್ತಿ ಕ್ಯಾನ್ವಾಸಿನಲ್ಲಿ ಹೊಲಿಸಿದೆ, ನೋಡಲು ಅಷ್ಟು ಚಂದ. ಎರಡನೇ ಮಳೆಗಾಲದ ಆರಿದ್ರಾ ಮಳೆ ಮುಗಿಯುವುದರೊಳಗೆ ಒಳಮೈಯೆಲ್ಲ ಬೂಷ್ಟು ಹಿಡಿದು, ಕಾರಿನೊಳಗೆ ಹಳೇ ಕಂಬಳಿಯ ವಾಸನೆ ತುಂಬಿತು. ನೀರು ಇಳಿಯುತ್ತಿದ್ದದ್ದು ಬಟ್ಟೆಯಿಂದಲ್ಲ, ಸೂಜಿ ತೂತಿನಿಂದ. ಹನಿಗಳು ಹೊಲಿಗೆಯ ಸಾಲಿನಲ್ಲೇ ಮಣಿ ಪೋಣಿಸಿದಂತೆ ನಿಂತಿದ್ದವು. ಅದನ್ನು ಬಿಚ್ಚಿಕೊಂಡು ಜೀಪಿನ ಹುಡ್ ಹೊಲಿಯುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಬಟ್ಟೆಯನ್ನು ನೆಲದ ಮೇಲೆ ಹಾಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ಹೇಳಿದರು: “ತಮ್ಮಾ, ನಿಮ್ಮನೆ ಮಾಡಿಗೆ ಹಂಚು ಹೆಂಗೆ ಹೊದೆಸ್ತೀರಿ? ಮೇಲಿನ ಹಂಚು ಕೆಳಗಿನದರ ಮೇಲೆ ಕೂರ್ಬೇಕೋ ಬೇಡ್ವೋ? ಇಲ್ಲಿ ಉಲ್ಟಾ ಹೊಲ್ದಾರೆ. ನೀರನ್ನ ಬಾ ಅಂತ ಕರ್ದಂಗಿದೆ.”

ಅವರ ಹುಡ್ ಪ್ಲಾಸ್ಟಿಕ್ ಲೇಪದ ಜೀಪ್ ಬಟ್ಟೆಯದು, ಬೂಷ್ಟು ಹಿಡಿಯುವುದಿಲ್ಲ. ಪ್ರತಿ ಕೂಡನ್ನೂ ನೀರು ಇಳಿಯುವ ದಿಕ್ಕಿಗೇ ಮಡಚಿ ಎರಡು ಸಾಲು ಹೊಲಿದರು. ನೂಲು ಪಾಲಿಯೆಸ್ಟರ್, ಹೊಲಿಗೆಯ ಮೇಲೆ ಬಿಸಿ ಮೇಣ ತಿಕ್ಕಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಬಟ್ಟೆ ಮೆತ್ತಗಾದಾಗ ಎಳೆದು ಕೂರಿಸಿದರು, ತಣ್ಣಗಾದಾಗ ಅದು ತಾನೇ ಬಿಗಿಯಾಯಿತು. ಹೊರಡುವಾಗ ಒಂದೇ ಎಚ್ಚರಿಕೆ: ಒದ್ದೆ ಹುಡ್ಡನ್ನು ಎಂದೂ ಮಡಚಬೇಡ. ಒಳಗೆ ಕಾರ್ಪೆಟ್ ಹಾಕಲಿಲ್ಲ, ಬರೀ ರಬ್ಬರ್ ಮ್ಯಾಟು, ಎತ್ತಿ ಒಣಗಿಸಲು ಸುಲಭ.

ನೋಂದಣಿ ನವೀಕರಣವೂ ಆಯಿತು. 50 ವರ್ಷ ಮೀರಿದ ವಾಹನಗಳಿಗೆ 2021ರಿಂದ ವಿಎ ಸರಣಿಯ ವಿಂಟೇಜ್ ನೋಂದಣಿ ಇದೆ, ಆದರೆ ಹಾಗೆ ನೋಂದಾಯಿಸಿದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಓಡಾಟವೇ ಮುಖ್ಯ. ಮಾಮೂಲಿ ನೋಂದಣಿಯನ್ನೇ ಮುಂದಿನ 5 ವರ್ಷಕ್ಕೆ ನವೀಕರಿಸಿದೆ. ಒಟ್ಟು ಖರ್ಚು ಕಾರಿನ ಬೆಲೆಯೂ ಸೇರಿ ಐದೂವರೆ ಲಕ್ಷದ ಹತ್ತಿರ.

ಆ ಮಳೆಗಾಲದ ಕೊನೆಯಲ್ಲಿ, ಮಳೆ ಇನ್ನೂ ಬಿಟ್ಟಿರದ ಒಂದು ದಿನ, ಯಜಮಾನರ ಮನೆಗೆ ಹೋದೆ. ಮಂಡಗದ್ದೆಯಿಂದಾಚೆ ಮಳೆ ಎಡೆಬಿಡದೆ ಹೊಡೆಯಿತು. ಅವರು ಜಗಲಿಯಿಂದ ಇಳಿದು, ಛತ್ರಿ ಹಿಡಿದು, ಕಾರಿನ ಸುತ್ತ ಒಂದು ಸುತ್ತು ಬಂದರು. ಏನೂ ಮಾತಾಡಲಿಲ್ಲ. ಆಮೇಲೆ ಛತ್ರಿ ಮಡಚಿ ಒಳಗೆ ಬಂದು ಕೂತು ಬಾಗಿಲೆಳೆದುಕೊಂಡರು. ಒಂದೇ ಎಳೆತಕ್ಕೆ ಹಾಕಿಕೊಂಡಿತು. ಹುಡ್ಡಿನ ಮೇಲೆ ಮಳೆ ಬೀಳುವ ಸದ್ದನ್ನು ಸ್ವಲ್ಪ ಹೊತ್ತು ಕೇಳುತ್ತಾ ಕೂತಿದ್ದು, “ಅಪ್ಪಯ್ಯ ಇದ್ದಾಗ ಇಲ್ಲಿ ಸೋರ್ತಿತ್ತು,” ಎಂದು ಗಾಜಿನ ಚೌಕಟ್ಟಿನ ಎಡ ಮೂಲೆ ಮುಟ್ಟಿದರು. ಬೆರಳು ಒದ್ದೆಯಾಯಿತು.

ಆ ಮೂಲೆಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದೇನೆ. ದೊಡ್ಡ ಹಬ್ಬ ಮುಗಿದ ಮೇಲೆ ಗಾಜು ಬಿಚ್ಚಿ ಹೊಸ ರಬ್ಬರ್ ಕೂರಿಸಬೇಕು.